ಗೋಡೆ ಪಕ್ಕದ ಅರವತ್ತು ಸೆಂಟಿಮೀಟರ್: ಕತ್ತರಿ ಕೆಳಗಿಡಲು ಪಟ್ಟ ಪಾಡು

ಒಂದು ಕಡೆ ಸಿಮೆಂಟು ಗೋಡೆ. ಇನ್ನೊಂದು ಕಡೆ ಕಲ್ಲು ಹಾಸಿದ ಕಾಲುದಾರಿ. ಎರಡರ ನಡುವೆ ಒಂದು ಪಾತಿ. ಉದ್ದ 9 ಮೀಟರ್, ಅಗಲ 60 ಸೆಂಟಿಮೀಟರ್. ಒಂದು ತುದಿಯಲ್ಲಿ ಅಷ್ಟೂ ಇಲ್ಲ, 45ಕ್ಕೆ ಇಳಿಯುತ್ತದೆ. ಈ ಪಾತಿಯಲ್ಲಿ ಆರು ವರ್ಷ ಡುರಾಂಟಾ ಬೆಳೆಸಿದೆ. ಬೆಳೆಸಿದೆ ಅನ್ನುವುದಕ್ಕಿಂತ ಕತ್ತರಿಸಿದೆ ಅನ್ನುವುದೇ ಸರಿ.

ಮೂರು ವಾರಕ್ಕೊಮ್ಮೆ, ಪ್ರತಿ ಸಲ ಎರಡು ಗಂಟೆ. ವರ್ಷಕ್ಕೆ ಹದಿನೇಳು ಸಲ ಅಂದರೂ 34 ಗಂಟೆ ಆಯಿತು. ಕತ್ತರಿಸಿದ ಕಸ ಗುಡಿಸಿ ಸಾಗಿಸುವ ಹೊತ್ತು ಬೇರೆ. ಮಳೆಗಾಲದಲ್ಲಿ ಮೂರು ವಾರ ಬಿಟ್ಟರೆ ದಾರಿಯೇ ಮುಚ್ಚಿಹೋಗುತ್ತಿತ್ತು. ತಪ್ಪು ಗಿಡದ್ದಲ್ಲ. ಬಿಟ್ಟರೆ 3-4 ಮೀಟರ್ ಏರುವ ಪೊದೆಯನ್ನು ಮೂರು ಗೇಣು ಅಗಲದಲ್ಲಿ ನಿಲ್ಲಿಸಿದವನು ನಾನು. ತಂದ ದಿನ ಅದು ಮೊಣಕಾಲೆತ್ತರ ಇತ್ತು, ಹೊಂಬಣ್ಣದ ಎಲೆ, ಚೆಂದ ಕಂಡಿತು, ಅಷ್ಟೇ. ದೊಡ್ಡದಾದಾಗ ಎಷ್ಟು ಅಗಲ ಆಗುತ್ತದೆ ಅಂತ ನರ್ಸರಿಯಲ್ಲಿ ಒಂದು ಮಾತೂ ಕೇಳಲಿಲ್ಲ.

ಈ ಸಲ ಷರತ್ತು ಹಾಕಿಕೊಂಡೆ. ವರ್ಷವಿಡೀ ಹಸಿರಿರಬೇಕು. ಪಾತಿ ದಾಟಿ ಬರಬಾರದು. ಕತ್ತರಿ ವರ್ಷಕ್ಕೆ ಎರಡು ಸಲಕ್ಕಿಂತ ಜಾಸ್ತಿ ಹೊರಗೆ ಬರಬಾರದು.

ಕಿತ್ತ ಎರಡು ದಿನ

ಡುರಾಂಟಾ ಬುಡ ಕೀಳುವುದು ಅಂದುಕೊಂಡಷ್ಟು ಸುಲಭ ಇರಲಿಲ್ಲ. ಮೇಲೆ ಕತ್ತರಿಸಿದಂತೆಲ್ಲ ಬುಡ ದಪ್ಪ ಆಗಿತ್ತು, ಕೆಲವು ನನ್ನ ಮೊಣಕೈಯಷ್ಟು. ಮೊದಲು ಕೊಂಬೆ ಪೂರ್ತಿ ಕಡಿದು ಮೊಣಕಾಲೆತ್ತರದ ಕೊರಡು ಮಾತ್ರ ಬಿಟ್ಟೆ. ಅದೇ ಸನ್ನೆಗೋಲು. ಸುತ್ತ ಗುದ್ದಲಿಯಲ್ಲಿ ಬೇರು ಕಡಿದು, ಕೊರಡನ್ನು ಹಿಂದೆ ಮುಂದೆ ಅಲ್ಲಾಡಿಸಿದರೆ ಬರುತ್ತದೆ. ಮೊದಲ ಗಿಡದಲ್ಲಿ ಜಾಣತನ ಮಾಡಿ ಬುಡಕ್ಕೇ ಕಡಿದುಬಿಟ್ಟಿದ್ದೆ. ಹಿಡಿಯಲು ಏನೂ ಉಳಿಯದೆ ಅದೊಂದಕ್ಕೇ ಅರ್ಧ ದಿನ ಹೋಯಿತು.

ಗಿಡ ಹೋದ ಮೇಲೆ ನಿಜವಾದ ಶತ್ರು ಕಂಡಿತು, ಜೇಕು. ಮೇಲೆ ಹುಲ್ಲಿನ ಹಾಗೆ, ಕೆಳಗೆ ದಾರಕ್ಕೆ ಪೋಣಿಸಿದ ಮಣಿಗಳ ಹಾಗೆ ಗಡ್ಡೆ. ಎಳೆದರೆ ಎಲೆ ಕೈಗೆ ಬರುತ್ತದೆ, ಗಡ್ಡೆ ಒಳಗೇ ಉಳಿದು ಮತ್ತೆ ಚಿಗುರುತ್ತದೆ. ಮಣ್ಣನ್ನು ಒಂದು ಗೇಣು ಆಳ ತೆಗೆದು ಜರಡಿ ಹಿಡಿದೆ. ನಂತರ ಪಾತಿಗೆ ನೀರು ಹಾಯಿಸಿ ಮೂರು ವಾರ ಖಾಲಿ ಬಿಟ್ಟೆ. ಉಳಿದ ಗಡ್ಡೆ ಚಿಗುರಿದಾಗ, ಚಿಗುರಿನ ಜಾಡು ಹಿಡಿದು ಒಂದೊಂದನ್ನೇ ಅಗೆದು ತೆಗೆದೆ. ಆ ಮೂರು ವಾರ ಕಾಯಲು ಕೈ ತುರಿಸುತ್ತಿತ್ತು. ಈಗ ಅನಿಸುತ್ತದೆ, ಇಡೀ ಕೆಲಸದಲ್ಲಿ ಅದಕ್ಕಿಂತ ಲಾಭದ ಮೂರು ವಾರ ಇನ್ನೊಂದಿಲ್ಲ. ಗಿಡ ನೆಟ್ಟ ಮೇಲೆ ಬೇರುಗಳ ನಡುವಿನಿಂದ ಜೇಕು ಅಗೆಯುವುದು ಅಂದರೆ ಗಿಡವನ್ನೇ ಅಗೆದ ಹಾಗೆ.

ಹಾರೆ ಹೇಳಿದ ಅಗಲ

ಟೇಪು 60 ಅನ್ನುತ್ತಿತ್ತು. ಹಾರೆ ಒಪ್ಪಲಿಲ್ಲ.

ಗೋಡೆಯ ಪಕ್ಕ ಹಾರೆ ಇಳಿಸಿದಾಗಲೆಲ್ಲ 20 ಸೆಂಟಿಮೀಟರ್ ಆಳದಲ್ಲಿ ಟಣ್ ಅಂತ ಸದ್ದು. ಮೊದಲು ಯಾವುದೋ ಕಲ್ಲು ಅಂದುಕೊಂಡೆ. ಅರ್ಧ ಮೀಟರಿಗೊಮ್ಮೆ ಚುಚ್ಚುತ್ತ ಹೋದ ಮೇಲೆ ಗೊತ್ತಾಯಿತು, ಅದು ಗೋಡೆಯ ಪಾಯ. ಪಾಯ ಗೋಡೆಗಿಂತ ಅಗಲ ಇರುತ್ತದಲ್ಲ, ಆ ಮೆಟ್ಟಿಲು ಪಾತಿಯೊಳಗೆ 18 ಸೆಂಟಿಮೀಟರ್ ಚಾಚಿಕೊಂಡಿತ್ತು. ಅಂದರೆ ಗೋಡೆ ಬದಿಯ 18 ಸೆಂಟಿಮೀಟರಿನಲ್ಲಿ ಮಣ್ಣು ಒಂದು ಗೇಣು ದಪ್ಪ ಮಾತ್ರ. ಬೇರು ಆಳಕ್ಕೆ ಇಳಿಯುವ ಜಾಗ ಉಳಿದ 42 ಸೆಂಟಿಮೀಟರ್. ಡುರಾಂಟಾ ಬೇರುಗಳೆಲ್ಲ ಯಾಕೆ ದಾರಿಯ ಕಲ್ಲಿನ ಕಡೆಗೇ ಓಡಿದ್ದವು ಅನ್ನುವುದು ಆಗ ತಿಳಿಯಿತು.

ಅಗಲದ ಲೆಕ್ಕ ಇಲ್ಲಿಂದ ಶುರು. ಮುಂದಿನ ಸಾಲಿನ ಗಿಡದ ಬುಡವನ್ನು ಪಾಯಕ್ಕೆ ಅಂಟಿಸಿ ಇಡುವಂತಿಲ್ಲ. ಗೋಡೆಯಿಂದ 33 ಸೆಂಟಿಮೀಟರ್ ದೂರ ಅಂತ ಇಟ್ಟುಕೊಂಡೆ. ಅಲ್ಲಿಂದ ದಾರಿಯ ಅಂಚಿಗೆ ಉಳಿಯುವುದು 27. ಗಿಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ ಅಂದುಕೊಂಡರೆ, 27ರ ಎರಡರಷ್ಟು, ಅಂದರೆ 54 ಸೆಂಟಿಮೀಟರ್ ಅಗಲದ ಗಿಡ ಮಾತ್ರ ದಾರಿಗೆ ಬರದೆ ಇರುತ್ತದೆ. ಗೋಡೆ ಕಡೆಗೆ ಆರು ಸೆಂಟಿಮೀಟರ್ ಖಾಲಿಯೂ ಉಳಿಯುತ್ತದೆ. ಆ ಖಾಲಿ ಬೇಕು. ಎಲೆ ಗೋಡೆಗೆ ಒತ್ತಿಕೊಂಡರೆ ಗಾಳಿ ಆಡುವುದಿಲ್ಲ, ಗೋಡೆ ತೇವ ಹಿಡಿಯುತ್ತದೆ, ಬಣ್ಣ ಹೊಡೆಯುವ ದಿನ ಗಿಡ ಕಡಿಯಬೇಕಾಗುತ್ತದೆ.

54 ಅನ್ನುವ ಅಂಕಿಯನ್ನು ಕೈಮೇಲೆ ಪೆನ್ನಿನಲ್ಲಿ ಬರೆದುಕೊಂಡು ನರ್ಸರಿಗೆ ಹೋದೆ. ನಗಬೇಡಿ. ಅಲ್ಲಿ ನಿಂತರೆ ಎಲ್ಲ ಗಿಡವೂ ಪುಟ್ಟದಾಗಿಯೇ ಕಾಣುತ್ತದೆ.

ಬಿಸಿಲು, ನೀರು, ವಿನೆಗರ್

ಆದರೆ ಹೋಗುವುದಕ್ಕೆ ಮುಂಚೆ ಮೂರು ಪರೀಕ್ಷೆ ಮಾಡಿದ್ದೆ.

ಒಂದು ರಜಾದಿನ ಬೆಳಗ್ಗೆಯಿಂದ ಸಂಜೆವರೆಗೆ ಗಂಟೆಗೊಮ್ಮೆ ಹೊರಗೆ ಬಂದು, ಬಿಸಿಲು ಎಲ್ಲಿದೆ ಅಂತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕಿದೆ. 9 ಮೀಟರ್ ಒಂದೇ ಪಾತಿ ಅಲ್ಲ, ಮೂರು ಪಾತಿ ಅಂತ ಗೊತ್ತಾಯಿತು. ಮೊದಲ ಮೂರೂವರೆ ಮೀಟರಿಗೆ ಆರು ಗಂಟೆ ಬಿಸಿಲು. ನಡುವಿನ ಮೂರು ಮೀಟರಿಗೆ ಮೂರು ಗಂಟೆ. ಕೊನೆಯ ಎರಡೂವರೆ ಮೀಟರ್, ಅಂದರೆ ಕಿರಿದಾಗುವ ತುದಿ, ಮರದ ನೆರಳಿನಲ್ಲಿ. ಅಲ್ಲಿ ಬೆಳಕಿದೆ, ನೇರ ಬಿಸಿಲಿಲ್ಲ. ಸೂರ್ಯನ ದಾರಿ ವರ್ಷದುದ್ದಕ್ಕೂ ಸರಿಯುತ್ತಿರುತ್ತದೆ, ಹಾಗಾಗಿ ನಾಲ್ಕು ತಿಂಗಳ ನಂತರ ಇನ್ನೊಮ್ಮೆ ಗೀಟು ಹಾಕಿ ನೋಡಿದೆ. ಗಡಿ ಅರ್ಧ ಮೀಟರ್ ಸರಿದಿತ್ತು.

ಎರಡನೆಯದು ನೀರು ಇಂಗುವ ಪರೀಕ್ಷೆ. 30 ಸೆಂಟಿಮೀಟರ್ ಆಳದ ಗುಂಡಿ ತೋಡಿ, ತುಂಬ ನೀರು ಹಾಕಿ, ಇಂಗಲು ಬಿಡಬೇಕು. ಎರಡನೇ ಸಲ ತುಂಬಿಸಿ ಗಂಟೆಗೆ ಎಷ್ಟು ಇಳಿಯುತ್ತದೆ ಅಂತ ಅಳೆಯಬೇಕು. ಮೊದಲ ಸಲದ ಲೆಕ್ಕ ಹಿಡಿಯಬಾರದು, ಒಣ ಮಣ್ಣು ಸುಮ್ನೆ ಕುಡಿದುಬಿಡುತ್ತದೆ. ಬಿಸಿಲ ತುದಿಯಲ್ಲಿ ಗಂಟೆಗೆ 4 ಸೆಂಟಿಮೀಟರ್ ಇಳಿಯಿತು. ಎರಡೂವರೆಗಿಂತ ಜಾಸ್ತಿ ಇದ್ದರೆ ತೊಂದರೆ ಇಲ್ಲ. ನೆರಳಿನ ತುದಿಯಲ್ಲಿ ಒಂದೇ ಸೆಂಟಿಮೀಟರ್. ಅಗೆದು ನೋಡಿದರೆ ಒಂದು ಗೇಣು ಕೆಳಗೆ ಗಟ್ಟಿಯಾದ ಸಿಮೆಂಟು ಹಪ್ಪಳ. ಗೋಡೆ ಕಟ್ಟಿದವರು ಬಾಣಲೆ ತೊಳೆದ ನೀರನ್ನೆಲ್ಲ ಅಲ್ಲೇ ಸುರಿದಿರಬೇಕು. ಹಾರೆಯಿಂದ ಒಡೆದು ತೆಗೆದೆ. ಇಟ್ಟಿಗೆ ಚೂರು, ಗಾರೆ, ಹಪ್ಪಳ ಎಲ್ಲ ಸೇರಿ ಹನ್ನೊಂದು ಚೀಲ.

ಮೂರನೆಯದು ವಿನೆಗರ್. ಗೋಡೆ ಬದಿಯ ಒಂದು ಚಮಚ ಒಣ ಮಣ್ಣಿಗೆ ವಿನೆಗರ್ ಬಿಟ್ಟರೆ ಸೋಡಾ ಹಾಗೆ ನೊರೆ ಬಂತು. ದಾರಿ ಬದಿಯ ಮಣ್ಣು ಸುಮ್ಮನಿತ್ತು. ನೊರೆ ಬಂದರೆ ಸುಣ್ಣ ಇದೆ ಅಂತ ಅರ್ಥ. ಮಣ್ಣಿನ ಹುಳಿ ಅಳೆಯುವ ಪಿಎಚ್ ಪಟ್ಟಿಯಲ್ಲಿ (7 ಸಮ, ಅದಕ್ಕಿಂತ ಕಡಿಮೆಯಾದರೆ ಹುಳಿ, ಜಾಸ್ತಿಯಾದರೆ ಕ್ಷಾರ) ಗೋಡೆ ಬದಿ ಸುಮಾರು 8, ದಾರಿ ಬದಿ ಸುಮಾರು 7 ತೋರಿಸಿತು.

ಇದನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡೆ. ಬರೆದಿಟ್ಟು ಮರೆತೆ. ಅದರ ಕಥೆ ಮುಂದೆ ಬರುತ್ತದೆ.

ಬೇಡ ಅಂದವು, ಬೇಕು ಅಂದವು

ಗಿಡದ ಚೀಟಿಯ ಮೇಲೆ 'ಕುಬ್ಜ' ಅಂತ ಇದ್ದರೆ ನಂಬಿಬಿಡಬೇಡಿ. ಕುಬ್ಜ ಅಂದರೆ ತನ್ನ ಜಾತಿಗಿಂತ ಗಿಡ್ಡ ಅಂತ ಮಾತ್ರ. ಹತ್ತು ಮೀಟರ್ ಮರದ ಕುಬ್ಜ ತಳಿ ಮೂರು ಮೀಟರ್ ಆದರೂ ಅದು ಕುಬ್ಜವೇ. ಇನ್ನು ಕೆಲವು ಗಿಡ್ಡ ಅಲ್ಲವೇ ಅಲ್ಲ, ಬರೀ ನಿಧಾನ. ಅವು ನಿಲ್ಲುವುದಿಲ್ಲ, ತಡವಾಗಿ ತಲುಪುತ್ತವೆ. ಹಾಗಾಗಿ ನಾನು ಕೇಳಿದ್ದು ಒಂದೇ ಪ್ರಶ್ನೆ. ಕತ್ತರಿಸದೆ ಐದು ವರ್ಷ ಬಿಟ್ಟರೆ ಅಗಲ ಎಷ್ಟಾಗುತ್ತದೆ? ಎತ್ತರ ಎಷ್ಟು ಅಂದರೆ ಎಲ್ಲರೂ ಹೇಳುತ್ತಾರೆ. ಅಗಲ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಉತ್ತರ ಸಿಗದಿದ್ದಾಗ ನರ್ಸರಿಯ ಹಿಂದೆ ಇರುವ ತಾಯಿಗಿಡ ತೋರಿಸಿ ಅಂತ ಕೇಳಿ ಟೇಪು ಹಿಡಿದೆ.

ಬೇಡ ಅಂದವುಗಳ ಪಟ್ಟಿ ಉದ್ದ ಇದೆ. ಆಲದ ಜಾತಿಯ ಫೈಕಸ್ ಬೇಡ, ಅದರ ಬೇರು ದಾರಿಯ ಕಲ್ಲು ಎತ್ತಿ ಹಾಕುತ್ತದೆ. ಕಣಗಿಲೆ ಬೇಡ, ಅಗಲವೂ ಜಾಸ್ತಿ, ಎಲ್ಲ ಭಾಗವೂ ವಿಷ. ಬೋಗನ್‌ವಿಲ್ಲಾ ಮುಳ್ಳು ಕಾಲುದಾರಿಯ ಪಕ್ಕ ಯಾರಿಗೆ ಬೇಕು? ಥೂಜಾ ಸೊಗಸಾಗಿ ನೆಟ್ಟಗೆ ನಿಲ್ಲುತ್ತದೆ, ಆದರೆ ಹಸಿರು ಇಲ್ಲದ ಹಳೆಯ ರೆಂಬೆಯವರೆಗೆ ಕತ್ತರಿಸಿದರೆ ಅಲ್ಲಿ ಮತ್ತೆ ಚಿಗುರುವುದಿಲ್ಲ. ಒಮ್ಮೆ ಅಗಲ ತಪ್ಪಿದರೆ ಕಂದು ಕಿಟಕಿ ಕಾಯಂ. ನೆಲ ಮುಚ್ಚಲು ವೆಡೇಲಿಯಾ ಹಾಕಿ ಅಂತ ಒಬ್ಬರು ಹೇಳಿದರು. ಹಳದಿ ಹೂವು, ಏನೂ ನೋಡಿಕೊಳ್ಳಬೇಕಿಲ್ಲ ಅಂತ. ನೋಡಿಕೊಳ್ಳಬೇಕಿಲ್ಲ ಅನ್ನುವುದೇ ತೊಂದರೆ. ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಕಿರಿದಾದ ಪಾತಿಯಲ್ಲಿ ಅದು ಮೊದಲ ವರ್ಷ ನೆಲ ಮುಚ್ಚುತ್ತದೆ, ಎರಡನೇ ವರ್ಷ ಗಿಡಗಳನ್ನೇ ಮುಚ್ಚುತ್ತದೆ.

'ಸದಾ ಹಸಿರು' ಅನ್ನುವುದರಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ಎಲೆ ಉದುರುವುದೇ ಇಲ್ಲ ಅಂತಲ್ಲ. ಒಂದೇ ಸಲ ಎಲ್ಲ ಉದುರಿಸದೆ ಸ್ವಲ್ಪ ಸ್ವಲ್ಪ ವರ್ಷವಿಡೀ ಉದುರಿಸುತ್ತದೆ. ಚಿಕ್ಕ ಎಲೆಯ ಗಿಡವಾದರೆ ಉದುರಿದ್ದು ಅಲ್ಲೇ ಕೊಳೆತು ಗೊಬ್ಬರ ಆಗುತ್ತದೆ. ದೊಡ್ಡ ತೊಗಲಿನಂಥ ಎಲೆಯಾದರೆ ಹೆಕ್ಕಬೇಕು. ಕಡಿಮೆ ಕೆಲಸ ಬೇಕಾದರೆ ಇದನ್ನೂ ನೋಡಬೇಕು.

ಕೊನೆಗೆ ಉಳಿದವು ಹೀಗೆ. ಬಿಸಿಲಿನ ಭಾಗಕ್ಕೆ ಕುಬ್ಜ ಇಕ್ಸೋರಾ, ನಮ್ಮ ಕೇಪಳದ ಗಿಡ್ಡ ತಮ್ಮ. ತಾಯಿಗಿಡ 65 ಸೆಂಟಿಮೀಟರ್ ಅಗಲ ಇತ್ತು. 54ಕ್ಕಿಂತ ಹನ್ನೊಂದು ಜಾಸ್ತಿ, ವರ್ಷಕ್ಕೊಂದು ಕತ್ತರಿಯಲ್ಲಿ ನಿಲ್ಲಿಸಬಹುದು ಅಂತ ಒಪ್ಪಿಕೊಂಡೆ. ನಡುವಿನ ಭಾಗಕ್ಕೆ ಸ್ನೇಕ್ ಪ್ಲಾಂಟ್. ಸಸ್ಯಶಾಸ್ತ್ರದವರು ಈಗ ಅದನ್ನು ಸಾನ್ಸೆವೇರಿಯಾ ಕುಲದಿಂದ ಡ್ರಸೀನಾಕ್ಕೆ ಸೇರಿಸಿದ್ದಾರೆ, ಗಿಡಕ್ಕೆ ಅದರಿಂದ ಏನೂ ಆಗಿಲ್ಲ. ನೆಟ್ಟಗೆ ಮೇಲಕ್ಕೆ ಹೋಗುತ್ತದೆ, ಪಕ್ಕಕ್ಕೆ ವಾಲುವುದಿಲ್ಲ, ಒಣ ನೆಲ ತಡೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಅದರ ಗೆಡ್ಡೆ ಮೇಲ್ಮಣ್ಣಿನಲ್ಲೇ ಹರಿಯುತ್ತದೆ. ಪಾಯದ ಮೆಟ್ಟಿಲ ಮೇಲಿನ ಒಂದು ಗೇಣು ಮಣ್ಣು ಅದಕ್ಕೆ ಸಾಕು. ಯಾರಿಗೂ ಬೇಡವಾದ ಆ 18 ಸೆಂಟಿಮೀಟರಿಗೆ ಕೊನೆಗೂ ಒಬ್ಬ ಬಾಡಿಗೆದಾರ ಸಿಕ್ಕ.

ನೆರಳಿನ ಕಿರಿದಾದ ತುದಿಗೆ ಆಸ್ಪಿಡಿಸ್ಟ್ರಾ. ಕಡುಹಸಿರು ಅಗಲ ಎಲೆ, ಒಂದೊಂದೇ ನೆಲದಿಂದ ನೇರ ಮೇಲೇಳುತ್ತದೆ. ತುಂಬ ನಿಧಾನ. ಅದರ ನಿಧಾನವೇ ನನಗೆ ಬೇಕಿದ್ದದ್ದು. ಮೂರು ಕಡೆ ಸ್ವಲ್ಪ ಎತ್ತರಕ್ಕೆ ಪೊಡೊಕಾರ್ಪಸ್, 'ಮಾಕಿ' ಅನ್ನುವ ತಳಿ. ಕಂಬದ ಹಾಗೆ ನಿಲ್ಲುವ, ಕತ್ತರಿ ತಾಳುವ ಗಿಡ. ಥೂಜಾದ ಹಾಗಲ್ಲ, ಹಳೆಯ ರೆಂಬೆಯಲ್ಲೂ ಚಿಗುರುತ್ತದೆ. ಮುಂದಿನ ಅಂಚಿನ ಉದ್ದಕ್ಕೂ ಕುಬ್ಜ ಮೊಂಡೊ. ಹುಲ್ಲಿನ ಹಾಗೆ ಕಾಣುತ್ತದೆ, ಹುಲ್ಲಲ್ಲ. 5ರಿಂದ 10 ಸೆಂಟಿಮೀಟರ್ ಎತ್ತರಕ್ಕೆ ನಿಂತುಬಿಡುತ್ತದೆ. ಕತ್ತರಿಸುವ ಮಾತೇ ಇಲ್ಲ.

ಹಿಮ ಬೀಳುವ ಊರಿನಲ್ಲಿರುವ ಗೆಳತಿಯೊಬ್ಬಳು ಈ ಪಟ್ಟಿ ನೋಡಿ ನಕ್ಕಳು. ಅವಳಲ್ಲಿ ಇದರಲ್ಲಿ ಅರ್ಧ ಮೊದಲ ಚಳಿಗಾಲಕ್ಕೇ ಸಾಯುತ್ತದೆ. ಅಲ್ಲಿ ಇಂಥ ಪಾತಿಗೆ ಬಾಕ್ಸ್‌ವುಡ್ ಅನ್ನುವ ಚಿಕ್ಕ ಎಲೆಯ ಪೊದೆ ಹಾಕುವುದು ಹಳೆಯ ರೂಢಿ. ಆದರೆ ಬಾಕ್ಸ್‌ವುಡ್ ತಿನ್ನುವ ಪತಂಗವೊಂದು 2007ರಲ್ಲಿ ಯುರೋಪಿನಲ್ಲಿ ಕಾಣಿಸಿಕೊಂಡ ಮೇಲೆ, ಎಲೆ ಉದುರಿಸುವ ಶಿಲೀಂಧ್ರ ರೋಗವೂ ಜೊತೆಗೂಡಿ, ಕಡಿಮೆ ಕೆಲಸದ ಗಿಡ ಅನ್ನುವ ಹೆಸರು ಅದಕ್ಕೆ ಉಳಿದಿಲ್ಲ. ಅವಳು ಅದರ ಬದಲು 'ಜಪಾನಿ ಹಾಲಿ' ಅನ್ನುವ ಪೊದೆಯ ಗಿಡ್ಡ ತಳಿ ಹಾಕಿದ್ದಾಳೆ. ದೂರದಿಂದ ವ್ಯತ್ಯಾಸ ಗೊತ್ತಾಗುವುದಿಲ್ಲವಂತೆ. ಗಿಡ ಬೇರೆ, ಲೆಕ್ಕ ಅದೇ. ಅವಳ ಅಂಕಿ 40.

ನೆಟ್ಟದ್ದು

ಪಾತಿಗೆ 5 ಸೆಂಟಿಮೀಟರ್ ದಪ್ಪ ಕಾಂಪೋಸ್ಟ್ ಹರಡಿ ಮೇಲ್ಮಣ್ಣಿಗೆ ಬೆರೆಸಿದೆ. 9 ಮೀಟರ್ ಉದ್ದ, ಸರಾಸರಿ ಅರ್ಧ ಮೀಟರಿಗೆ ಚೂರು ಜಾಸ್ತಿ ಅಗಲ, ಲೆಕ್ಕ ಹಾಕಿದರೆ 240 ಲೀಟರ್ ಆಸುಪಾಸು. ಬರೀ ಗುಂಡಿಗೆ ಗೊಬ್ಬರ ತುಂಬುವ ಅಭ್ಯಾಸ ಬಿಟ್ಟೆ. ಗುಂಡಿಯೊಳಗೆ ಮಾತ್ರ ಮೆತ್ತನೆ ಮಣ್ಣು ಇದ್ದರೆ ಬೇರು ಕುಂಡದಲ್ಲಿ ಸುತ್ತಿದ ಹಾಗೆ ಅಲ್ಲೇ ಸುತ್ತುತ್ತದೆ, ಹೊರಗೆ ಹೋಗುವ ಮನಸ್ಸು ಮಾಡುವುದಿಲ್ಲ.

ಗಿಡಗಳನ್ನು ಕುಂಡ ಸಮೇತ ಸಾಲಾಗಿ ಇಟ್ಟು ಒಂದು ರಾತ್ರಿ ಹಾಗೇ ಬಿಟ್ಟೆ. ಬೆಳಗ್ಗೆ ನೋಡಿದರೆ ಖಾಲಿ ಖಾಲಿ. ಇನ್ನೂ ಹತ್ತು ಗಿಡ ತರೋಣ ಅನಿಸಿತು. ಎಲ್ಲರೂ ಸೋಲುವುದು ಇಲ್ಲೇ ಅಲ್ವಾ? ನೆಟ್ಟ ದಿನ ತುಂಬಿದ ಪಾತಿ ಎರಡು ವರ್ಷಕ್ಕೆ ಕಾಡು. ತಡೆದುಕೊಂಡೆ. ಇಕ್ಸೋರಾ 50 ಸೆಂಟಿಮೀಟರಿಗೊಂದರಂತೆ ಏಳು. ಸ್ನೇಕ್ ಪ್ಲಾಂಟ್ ಹತ್ತು, ಆಸ್ಪಿಡಿಸ್ಟ್ರಾ ಐದು, ಪೊಡೊಕಾರ್ಪಸ್ ಮೂರು. ಅಂಚಿನ ಮೊಂಡೊ 12 ಸೆಂಟಿಮೀಟರಿಗೊಂದು ಗುಪ್ಪೆ. 900ನ್ನು 12ರಿಂದ ಭಾಗಿಸಿದರೆ 75. ಅಷ್ಟೂ ಕುಂಡ ಕೊಳ್ಳಲಿಲ್ಲ. 25 ತಂದು ಒಂದೊಂದನ್ನೂ ಕೈಯಲ್ಲೇ ಮೂರು ಸೀಳು ಮಾಡಿದೆ. ಪ್ರತಿ ಸೀಳಿಗೂ ಬೇರು ಇದ್ದರೆ ಸಾಕು, ಬದುಕುತ್ತದೆ.

ಕುಂಡದಿಂದ ತೆಗೆದಾಗ ನಾಲ್ಕು ಇಕ್ಸೋರಾಗಳ ಬೇರು ಉಂಡೆಗೆ ಸುತ್ತಿದ ಹಗ್ಗದ ಹಾಗೆ ಸುತ್ತಿತ್ತು. ಅದನ್ನು ಹಾಗೇ ನೆಟ್ಟರೆ ಮಣ್ಣಿನಲ್ಲೂ ಸುತ್ತುತ್ತಲೇ ಇರುತ್ತದೆ. ಚಾಕುವಿನಿಂದ ಬೇರಿನ ಉಂಡೆಗೆ ಮೇಲಿನಿಂದ ಕೆಳಗೆ ನಾಲ್ಕು ಕಡೆ ಒಂದೊಂದು ಬೆರಳಿನ ಗೆಣ್ಣಿನಷ್ಟು ಆಳ ಗೀರಿದೆ. ಕರುಳು ಚುರ್ ಅನ್ನುತ್ತದೆ, ಆದರೆ ಗಿಡಕ್ಕೆ ಅದೇ ಒಳ್ಳೆಯದು. ಗುಂಡಿ ಬೇರಿನ ಉಂಡೆಯ ಎರಡರಷ್ಟು ಅಗಲ, ಆದರೆ ಉಂಡೆಗಿಂತ ಒಂದಿಷ್ಟೂ ಆಳ ಇಲ್ಲ. ಆಳ ಜಾಸ್ತಿಯಾದರೆ ಸಡಿಲ ಮಣ್ಣು ಕುಸಿದು ಗಿಡ ಕೆಳಗಿಳಿಯುತ್ತದೆ.

ನೀರಿಗೆ 16 ಮಿಲಿಮೀಟರ್ ಹನಿ ಪೈಪು, 30 ಸೆಂಟಿಮೀಟರಿಗೊಂದು ತೂತು, ಒಂದೊಂದು ಗಂಟೆಗೆ 2 ಲೀಟರ್. 9 ಮೀಟರಿಗೆ ಮೂವತ್ತು ತೂತು, ಗಂಟೆಗೆ 60 ಲೀಟರ್. ಪೈಪನ್ನು ಗೋಡೆಗೆ ಒತ್ತಿ ಹಾಕದೆ ಮೊಂಡೊ ಸಾಲಿನ ಹಿಂದೆಯೇ ಎಳೆದೆ. ಮೊಂಡೊಗೆ, ಮುಖ್ಯ ಗಿಡಗಳಿಗೆ ನೀರು ಬೇಕು. ಹಿಂದಿನ ಸ್ನೇಕ್ ಪ್ಲಾಂಟಿಗೆ ಬೇಡ, ಜಾಸ್ತಿಯಾದರೆ ಕೊಳೆಯುತ್ತದೆ. ಮಳೆ ಬಂದಾಗ ಗೋಡೆಯ ಬುಡ ಒದ್ದೆಯಾಗುತ್ತದೆ ಅಂತ ಅಂದುಕೊಂಡಿದ್ದೆ. ಒಂದು ಜೋರು ಮಳೆಯ ಮಾರನೇ ದಿನ ಬೆರಳು ಚುಚ್ಚಿ ನೋಡಿದರೆ ಗೋಡೆಯಿಂದ ಒಂದು ಗೇಣಿನವರೆಗೆ ಮಣ್ಣು ಪುಡಿಪುಡಿ. ಮಳೆ ಓರೆಯಾಗಿ ಬಂದರೆ ಗೋಡೆ ಕೊಡೆ ಹಿಡಿದ ಹಾಗೆ. ಸ್ನೇಕ್ ಪ್ಲಾಂಟ್ ಅಲ್ಲಿಟ್ಟದ್ದು ಇನ್ನೊಂದು ಕಾರಣಕ್ಕೂ ಸರಿಯಾಯಿತು.

ಕಳೆ ತಡೆಯುವ ಬಟ್ಟೆ ಹಾಸಲಿಲ್ಲ. ಅದರ ಮೇಲೆ ಧೂಳು ಕೂತು, ಆ ಧೂಳಿನಲ್ಲೇ ಕಳೆ ಹುಟ್ಟುತ್ತದೆ. ಜೇಕು ಅದನ್ನು ಕೆಳಗಿನಿಂದಲೇ ಚುಚ್ಚಿಕೊಂಡು ಬರುತ್ತದೆ. ಬರೀ ತೊಗಟೆ ಚೂರು, 5 ಸೆಂಟಿಮೀಟರ್ ದಪ್ಪ.

ಏಳನೇ ವಾರ: ಹಳದಿ

ಇಕ್ಸೋರಾಗಳ ಹೊಸ ಎಲೆ ಹಳದಿಯಾಗಿ ಬರತೊಡಗಿತು. ಗೊಬ್ಬರ ಸಾಲದು ಅಂದುಕೊಂಡು ಸಾರಜನಕ ಹಾಕಿದೆ. ಎರಡು ವಾರಕ್ಕೆ ಹೊಸ ಚಿಗುರು ಇನ್ನೂ ಜಾಸ್ತಿ ಬಂತು, ಅದೂ ಇನ್ನೂ ಹಳದಿ.

ಆಮೇಲೆ ಕುಳಿತು ಎಲೆ ನೋಡಿದೆ. ಮೊದಲೇ ನೋಡಬೇಕಿತ್ತು. ಸಾರಜನಕ ಕಡಿಮೆಯಾದರೆ ಗಿಡ ಹಳೆಯ ಎಲೆಯಿಂದ ಅದನ್ನು ಎಳೆದು ಹೊಸದಕ್ಕೆ ಕೊಡುತ್ತದೆ, ಆಗ ಕೆಳಗಿನ ಎಲೆ ಮೊದಲು ಹಳದಿಯಾಗುತ್ತದೆ. ಕಬ್ಬಿಣವನ್ನು ಹಾಗೆ ಸಾಗಿಸಲು ಗಿಡಕ್ಕೆ ಆಗುವುದಿಲ್ಲ. ಕಬ್ಬಿಣ ಸಾಲದಿದ್ದರೆ ಹೊಸ ಎಲೆ ಮೊದಲು ಸೋಲುತ್ತದೆ, ನರ ಮಾತ್ರ ಹಸಿರಾಗಿ ಬಲೆಯ ಹಾಗೆ ಉಳಿಯುತ್ತದೆ. ನನ್ನ ಎಲೆಗಳು ಥೇಟ್ ಹಾಗೇ ಇದ್ದವು.

ಮಣ್ಣಿನಲ್ಲಿ ಕಬ್ಬಿಣ ಇಲ್ಲ ಅಂತಲ್ಲ. ಇದೆ, ಆದರೆ ಸುಣ್ಣದ ಮಣ್ಣಿನಲ್ಲಿ ಅದು ಕರಗುವುದಿಲ್ಲ, ಬೇರಿಗೆ ಸಿಗುವುದಿಲ್ಲ. ಇಕ್ಸೋರಾಕ್ಕೆ ಹುಳಿ ಮಣ್ಣು ಬೇಕು, ಪಿಎಚ್ 5ರಿಂದ 6ರ ಆಸುಪಾಸು. ನಾನು ಕೊಟ್ಟದ್ದು 7ರಿಂದ 8. ವಿನೆಗರ್ ನೊರೆ ಉಕ್ಕಿಸಿ ಹೇಳಿತ್ತು, ಪಟ್ಟಿ ಬಣ್ಣ ತೋರಿಸಿ ಹೇಳಿತ್ತು, ನನ್ನ ಪುಸ್ತಕದಲ್ಲಿ ನನ್ನದೇ ಅಕ್ಷರದಲ್ಲಿ ಬರೆದಿತ್ತು. ಅಗಲದ ಅಂಕಿಯಲ್ಲಿ ಎಷ್ಟು ಮುಳುಗಿದ್ದೆ ಅಂದರೆ ಪಿಎಚ್ ಪುಟ ತಿರುಗಿಸಲೇ ಇಲ್ಲ.

ಕಬ್ಬಿಣ ಬೇರಿಗೆ ಸಿಗುವ ಹಾಗೆ ಅದನ್ನು ಹಿಡಿದಿಡುವ ರಾಸಾಯನಿಕ ಬೆರೆಸಿದ ಪುಡಿ ಸಿಗುತ್ತದೆ. ಮೊದಲು ತಂದದ್ದು ಇಡಿಟಿಎ ಅನ್ನುವ ಜಾತಿಯದು. ಅದು ಪಿಎಚ್ ಆರೂವರೆ ದಾಟಿದ ಮೇಲೆ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳಲಾರದು. ಏನೂ ಬದಲಾಗಲಿಲ್ಲ. ಇಡಿಡಿಎಚ್‌ಎ ಜಾತಿಯದು ಬೇಕು, ಅದು ಪಿಎಚ್ 9ರಲ್ಲೂ ಹಿಡಿದಿಡುತ್ತದೆ. ಕಡುಗೆಂಪು ಪುಡಿ, ನೀರಿಗೆ ಹಾಕಿದರೆ ರಕ್ತದ ಬಣ್ಣ. ಬುಡಕ್ಕೆ ಹಾಕಿ ಮೂರು ವಾರಕ್ಕೆ ಹೊಸ ಎಲೆ ಹಸಿರಾಯಿತು. ಖುಷಿಪಟ್ಟೆ. ಮೂರು ತಿಂಗಳಿಗೆ ಮತ್ತೆ ಹಳದಿ.

ಇಲ್ಲಿ ಒಂದು ತೀರ್ಮಾನ ಮಾಡಬೇಕಾಯಿತು. ಗಂಧಕ ಹಾಕಿ ಮಣ್ಣನ್ನೇ ಹುಳಿ ಮಾಡಬಹುದು ಅಂತಾರೆ. ಸುಣ್ಣ ಇಲ್ಲದ ಮಣ್ಣಿನಲ್ಲಿ ಆಗುತ್ತದೆ. ಆದರೆ ಇಲ್ಲಿ ಪ್ರತಿ ಮಳೆಗೂ ಗೋಡೆಯಿಂದ ಹೊಸ ಸುಣ್ಣ ಇಳಿಯುತ್ತದೆ. ಗೋಡೆಗೂ ನನಗೂ ಪಂದ್ಯ ಇಟ್ಟರೆ ಗೋಡೆ ಗೆಲ್ಲುತ್ತದೆ. ವರ್ಷಕ್ಕೆ ನಾಲ್ಕು ಸಲ ಔಷಧಿ ಬೇಡುವ ಗಿಡ ಕಡಿಮೆ ಕೆಲಸದ ಗಿಡ ಅಲ್ಲ, ಅದು ರೋಗಿ. ಐದು ಇಕ್ಸೋರಾ ಕಿತ್ತು ಹುಳಿ ಮಣ್ಣಿನ ಕುಂಡಗಳಿಗೆ ಹಾಕಿದೆ, ಅಲ್ಲಿ ಚೆನ್ನಾಗಿವೆ. ಗೋಡೆ ಮುಗಿದು ಬೇಲಿ ಶುರುವಾಗುವ ಮೂಲೆಯ ಎರಡು ಮಾತ್ರ ಹಳದಿ ತಿರುಗಿರಲಿಲ್ಲ. ಅವು ಅಲ್ಲೇ ಉಳಿದವು.

ಕಿತ್ತ ಜಾಗಕ್ಕೆ ಕರಿಸ್ಸಾ ಬಂತು, 'ಬಾಕ್ಸ್‌ವುಡ್ ಬ್ಯೂಟಿ' ಅನ್ನುವ ತಳಿ. ಕವಳೆ ಗಿಡದ ಹತ್ತಿರದ ನೆಂಟ. ಆ ಕುಟುಂಬದ ಮುಳ್ಳು ಎಲ್ಲರಿಗೂ ಗೊತ್ತು, ಆದರೆ ಈ ತಳಿಗೆ ಮುಳ್ಳಿಲ್ಲ. 60 ಸೆಂಟಿಮೀಟರ್ ಸುಮಾರಿಗೆ ನಿಲ್ಲುತ್ತದೆ. ದಪ್ಪ ಹೊಳೆಯುವ ಎಲೆ, ಬಿಳಿ ನಕ್ಷತ್ರದಂಥ ಪರಿಮಳದ ಹೂವು. ಸುಣ್ಣದ ಮಣ್ಣು, ಗೋಡೆಯ ಬಿಸಿ ಎರಡನ್ನೂ ತಡೆಯುತ್ತದೆ. ಕತ್ತರಿಸಿದರೆ ಹಾಲು ಒಸರುತ್ತದೆ, ಕೈಗವಸು ಇರಲಿ.

ಒಂದು ಸಾವು

ಐದನೇ ತಿಂಗಳಲ್ಲಿ ನಡುವಿನ ಪೊಡೊಕಾರ್ಪಸ್ ಬಾಡಿತು. ನೀರಿತ್ತು, ನೆರಳಿತ್ತು. ಬುಡದ ತೊಗಟೆ ಚೂರು ಸರಿಸಿದರೆ ಕಾಂಡ ಮೆತ್ತಗಾಗಿತ್ತು, ಉಗುರಿಗೆ ಸಿಪ್ಪೆ ಬಂತು. ಅಗೆದೆ. ಬೇರು ಕವಲೊಡೆಯುವ ಜಾಗ, ಅಂದರೆ ಕಾಂಡ ದಪ್ಪಗಾಗಿ ಬೇರಿಗೆ ತಿರುಗುವ ಕೊರಳು, ಮಣ್ಣಿನ ಮಟ್ಟದಿಂದ 4 ಸೆಂಟಿಮೀಟರ್ ಕೆಳಗಿತ್ತು. ನರ್ಸರಿಯ ಕುಂಡದಲ್ಲೇ ಮೇಲೆ ಮಣ್ಣು ಸುರಿದು ಹೂತಿದ್ದರು. ನಾನು ಕುಂಡದ ಮಟ್ಟವೇ ಸರಿ ಅಂತ ನೆಟ್ಟಿದ್ದೆ. ಅದರ ಮೇಲೆ 5 ಸೆಂಟಿಮೀಟರ್ ತೊಗಟೆಯನ್ನು ಕಾಂಡಕ್ಕೆ ಒತ್ತಿ ಹಾಕಿದ್ದೆ. ಒಟ್ಟು 9 ಸೆಂಟಿಮೀಟರ್ ಒದ್ದೆ ಕಂಬಳಿ, ಕೊಳೆಯದೆ ಏನಾಗುತ್ತದೆ?

ಅಂದೇ ಉಳಿದೆರಡರ ಬುಡ ಬಿಡಿಸಿದೆ. ಅವೂ ಹೂತಿದ್ದವು, ಒಂದು 2, ಇನ್ನೊಂದು 3 ಸೆಂಟಿಮೀಟರ್. ಸುತ್ತಲಿನ ಮಣ್ಣು ಕೆರೆದು ಕೊರಳು ಕಾಣುವ ಹಾಗೆ ಮಾಡಿದೆ. ಎಲ್ಲ ಗಿಡಗಳ ಸುತ್ತ ತೊಗಟೆಯನ್ನು ನಾಲ್ಕು ಬೆರಳು ದೂರ ಸರಿಸಿದೆ. ಅವೆರಡೂ ಬದುಕಿವೆ.

ಹದಿನಾರನೇ ತಿಂಗಳು

ಮೊಂಡೊ ಸಾಲು ಇನ್ನೂ ಪೂರ್ತಿ ಕೂಡಿಕೊಂಡಿಲ್ಲ. ನೆರಳಿನ ಕಡೆ ಗುಪ್ಪೆಗಳು ಒಂದಕ್ಕೊಂದು ತಾಗಿವೆ, ಬಿಸಿಲಿನ ಕಡೆ ಎಲೆ ತುದಿ ಕಂದಿ ನಡುವೆ ಎರಡು ಬೆರಳು ಜಾಗ ಉಳಿದಿದೆ. ಕರಿಸ್ಸಾದ ನೆರಳು ಬೀಳತೊಡಗಿದ ಮೇಲೆ ಸುಧಾರಿಸಿದೆ. ಬೇಗ ತುಂಬಬೇಕು ಅನ್ನುವವರಿಗೆ ಇದು ಆಗುವುದಿಲ್ಲ. ಆಸ್ಪಿಡಿಸ್ಟ್ರಾ ವರ್ಷಕ್ಕೆ ಗಿಡಕ್ಕೆ ಐದಾರು ಎಲೆ ಬಿಟ್ಟಿದೆ, ಅಷ್ಟೇ. ಸ್ನೇಕ್ ಪ್ಲಾಂಟಿನ ಒಂದು ಮೊಳಕೆ ದಾರಿಯ ಕಲ್ಲಿನ ಸಂದಿಯಿಂದ ತಲೆ ಎತ್ತಿತ್ತು. ಗೆಡ್ಡೆ ಸಮೇತ ಕತ್ತರಿಸಿ ತೆಗೆದೆ. ವರ್ಷಕ್ಕೊಮ್ಮೆ ಅದರ ಮುಂದೆ ಸಲಿಕೆ ಇಳಿಸಿ ಗಡಿ ಹಾಕಬೇಕು ಅಂತ ಬರೆದಿಟ್ಟುಕೊಂಡಿದ್ದೇನೆ. ಈ ಸಲ ಪುಟ ತಿರುಗಿಸಿ ನೋಡುತ್ತೇನೆ.

ಕಳೆದ ಹನ್ನೆರಡು ತಿಂಗಳ ಕೆಲಸದ ಹೊತ್ತು ಕೂಡಿಸಿದೆ. ಕತ್ತರಿ ಎರಡು ಸಲ, ಒಟ್ಟು ಒಂದೂವರೆ ಗಂಟೆ. ಜೇಕು ಮತ್ತಿತರ ಕಳೆ ಮೂರು ಗಂಟೆ. ಹೊಸ ತೊಗಟೆ ಹಾಕಿದ್ದು ಒಂದು ಗಂಟೆ. ಪೈಪಿನ ಫಿಲ್ಟರ್ ತೊಳೆದದ್ದು, ಕಟ್ಟಿಕೊಂಡ ತೂತು ಬಿಡಿಸಿದ್ದು ಒಂದೂವರೆ. ಒಟ್ಟು ಏಳು. ಇಕ್ಸೋರಾ ಗಲಾಟೆಯ ಹೊತ್ತನ್ನು ಇದರಲ್ಲಿ ಸೇರಿಸಿಲ್ಲ. ಅದು ಗಿಡದ ಲೆಕ್ಕಕ್ಕಲ್ಲ, ನನ್ನ ಲೆಕ್ಕಕ್ಕೆ.

ಸತ್ತ ಪೊಡೊಕಾರ್ಪಸ್‌ನ ಜಾಗಕ್ಕೆ ಏನೂ ಹಾಕಿಲ್ಲ. 40 ಸೆಂಟಿಮೀಟರ್ ಖಾಲಿ. ನೀರಿನ ಫಿಲ್ಟರ್ ಅಲ್ಲೇ ಇದೆ, ತೊಳೆಯುವಾಗ ಒಂದು ಮಣೆ ಹಾಕಿ ಕೂರಲು ಸರಿಯಾಗಿ ಹಿಡಿಸುತ್ತದೆ.